ಮೆಂಬರುಗಳ ಮೇಷ್ಟ್ರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹಿರೀಸಾವೆಯ ಹೋಟೆಲಿನಲ್ಲಿ, ಬಾಯಲ್ಲಿ ಅರ್ಧ ಇಡ್ಲಿ ಇದ್ದಾಗ. ಹಾಸನದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಇಳಿದು ನೀರು ಕುಡಿದು, “ನಿಮ್ಮ ಮುದುಕ ಮೇಷ್ಟ್ರು ಓಗ್ಬುಟ್ರಂತೆ ಗೌಡ್ರೇ, ಮೊನ್ನೆ” ಎಂದ. ನಾನು ಎಲೆಯ ಮುಂದಿನಿಂದ ಎದ್ದು ನಿಂತುಬಿಟ್ಟೆ. ಯಾಕೆ ನಿಂತೆ ಎಂದು ಹೋಟೆಲಿನವನು ನೋಡಿದ. ಅವರು ಒಳಗೆ ಬಂದರೆ ನಾವು ಶಾಲಾ ಬೋರ್ಡಿನ ಮೆಂಬರುಗಳೆಲ್ಲ ಎದ್ದು ನಿಲ್ಲುತ್ತಿದ್ದೆವು. ಹೊರಗೆ ಹೊರಟಾಗಲೂ ನಿಲ್ಲಬೇಕು ಅನ್ನಿಸಿತೋ ಏನೋ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರೇ ಹಾಕಿಕೊಟ್ಟ ಕಟ್ಟಳೆ. ಸಭೆಯಲ್ಲಿ ಯಾರೂ ಯಾರ ಹೆಸರನ್ನೂ ಎತ್ತಬಾರದು ಎಂಬುದು ಅವರ ಮೊದಲ ಪಾಠ. ಹೆಸರು ಬಂದರೆ ಹಿಂದೆಯೇ ಅಪ್ಪನ ಹೆಸರು ಬರುತ್ತದೆ, ಅಪ್ಪನ ಹಿಂದೆ ಜಮೀನಿನ ವ್ಯಾಜ್ಯ ಬರುತ್ತದೆ, ಶಾಲೆಯ ಮಾತು ಮಾತ್ರ ಬರುವುದೇ ಇಲ್ಲ ಅನ್ನುತ್ತಿದ್ದರು. ಅದಕ್ಕೇ ನಮ್ಮನ್ನು ತಾಲ್ಲೂಕಿನ ಹೆಸರಿನಿಂದ ಕೂಗುತ್ತಿದ್ದರು. ನಾನು ಚನ್ನರಾಯಪಟ್ಟಣ. ತಂಬಾಕು ವ್ಯಾಪಾರದ ಶೆಟ್ಟರು ಅರಕಲಗೂಡು. ಮಧ್ಯಾಹ್ನವಾದರೆ ತೂಕಡಿಸುತ್ತಿದ್ದ ಪಟೇಲರು ಹೊಳೆನರಸೀಪುರ. ಬೀದಿಯಲ್ಲಿ ಸಿಕ್ಕಾಗಲೂ ಬಿಡುತ್ತಿರಲಿಲ್ಲ. “ಏನು ಚನ್ನರಾಯಪಟ್ಟಣ, ನೆಗಡಿ ವಾಸಿಯಾಯ್ತೇ?” ಎಂದು ಒಮ್ಮೆ ಅವರು ನನ್ನನ್ನು ಕೇಳಿದ್ದು ನನ್ನ ಹೆಂಡತಿಯ ಕಿವಿಗೆ ಬಿತ್ತು. “ಇಡೀ ತಾಲ್ಲೂಕಿಗೇ ನೆಗಡಿಯಾ?” ಎಂದು ಅವಳು ಗಾಬರಿಯಾದಳು.

ಇದು ಮೂವತ್ತರ ದಶಕದ ಮಾತು. ಆಗ ಜಿಲ್ಲೆಯ ಪ್ರೈಮರಿ ಶಾಲೆಗಳೆಲ್ಲ ನಮ್ಮ ಬೋರ್ಡಿನ ಕೈಯಲ್ಲಿದ್ದವು, ತಾಲ್ಲೂಕುಗಳಿಂದ ಆರಿಸಿ ಬಂದ ನಾವು ಅದರ ಮೆಂಬರುಗಳು. ಆಮೇಲೆ ಸರ್ಕಾರವೇ ವಾಪಸು ತೆಗೆದುಕೊಂಡಿತು. ಯಾಕೆ ತೆಗೆದುಕೊಂಡಿತು ಎಂದು ನಮ್ಮನ್ನು ನೋಡಿದ ಯಾರೂ ಕೇಳಲಿಲ್ಲ. ನನ್ನ ಓದು ಲೋಯರ್ ಸೆಕೆಂಡರಿಗೆ ನಿಂತಿತ್ತು. ಅಪ್ಪನ ಮೇಲಿನ ಗೌರವಕ್ಕೆ ಜನ ನನ್ನನ್ನು ಆರಿಸಿದ್ದರು. ಶೆಟ್ಟರಿಗೆ ವ್ಯಾಪಾರದ ಕಾಗದವನ್ನು ಬಿಟ್ಟರೆ ಬೇರೆ ಓದಿನ ಹಂಗಿರಲಿಲ್ಲ. ಅಧ್ಯಕ್ಷರು ಹಾಸನದ ವಕೀಲರು, ನನ್ನ ಹೆಂಡತಿಯ ಸೋದರಮಾವ. ಅವರು ಕೋರ್ಟಿನಲ್ಲಿ ಕೆಮ್ಮಿದರೂ ಕಕ್ಷಿದಾರರು ತಲೆಯಾಡಿಸುತ್ತಿದ್ದರು. ಬೋರ್ಡಿನಲ್ಲಿ ನಾವು ಕೋಲೆಬಸವನ ಹಾಗೆ ಆಡಿಸುತ್ತಿದ್ದೆವು. ನಮ್ಮ ಈ ತಲೆಗಳಿಗೆ ಪಾಠ ಹೇಳಬೇಕೆಂದು ಹೊರಟವರು ಈ ಮೇಷ್ಟ್ರು. ಸ್ಕೂಲ್ ಇನ್‌ಸ್ಪೆಕ್ಟರಾಗಿ ರಿಟೈರಾಗಿದ್ದರು, ಸರ್ಕಾರವೇ ಬೋರ್ಡಿಗೆ ನೇಮಿಸಿತ್ತು. ಕೈ ಎತ್ತುವುದಕ್ಕೆ ಮೊದಲು ಯೋಚಿಸುವ ಒಂದು ಬೋರ್ಡನ್ನಾದರೂ ನೋಡಿ ಸಾಯಬೇಕು ಎಂಬುದು ಅವರ ಹಟ. ಅದು ಯಾಕಷ್ಟು ಹಟ ಎಂಬುದು ನನಗೆ ತಿಳಿದದ್ದು ಒಂದು ಹಳ್ಳಿ ಶಾಲೆಯನ್ನು ಮುಚ್ಚಲು ನಾವು ಹೊರಟಾಗ.

ಪಾಠ ಶನಿವಾರ ಮಧ್ಯಾಹ್ನ, ಹಾಸನದ ಒಂದು ಮಿಡ್ಲ್ ಸ್ಕೂಲಿನಲ್ಲಿ, ಮಕ್ಕಳು ಮನೆಗೆ ಹೋದಮೇಲೆ. ಕುರ್ಚಿ ಕೇಳಿದರೆ ಕೊಡಲಿಲ್ಲ. “ಮಕ್ಕಳು ಕೂರೋ ಬೆಂಚಲ್ಲೇ ಕೂತ್ಕೊಳ್ಳಿ. ಬೆಂಚು ಹೇಗಿದೆ ಅಂತ ಬೆನ್ನಿಗೆ ಗೊತ್ತಾಗ್ಲಿ” ಎಂದರು. ಶೆಟ್ಟರ ಬೆನ್ನಿಗಲ್ಲ, ಹೊಟ್ಟೆಗೆ ಗೊತ್ತಾಯಿತು. ಬೆಂಚಿಗೂ ಡೆಸ್ಕಿಗೂ ನಡುವೆ ಅವರು ಹೋದದ್ದು ಹೇಗೋ ಹೋದರು, ಹೊರಗೆ ಬರಲು ಆಗಲಿಲ್ಲ. ನಾನು ಮುಂದಿನಿಂದ, ಪಟೇಲರು ಹಿಂದಿನಿಂದ ಎಳೆದೆವು. “ಎಳೀಬ್ಯಾಡ್ರೀ ಪಟೇಲ್ರೇ, ಅಂಗಿ ಅರಿದೋಯ್ತದೆ!” ಎಂದು ಶೆಟ್ಟರು ಕೂಗಿದರು. ಮೇಷ್ಟ್ರು ಒಂದಿಷ್ಟೂ ನಗದೆ, “ಹೆಸರು ಎತ್ತಬೇಡಿ. ಹೊಳೆನರಸೀಪುರ ಎಳೀತಿದೆ ಅನ್ನಿ” ಎಂದು ತಿದ್ದಿದರು.

ತಿದ್ದುವುದು ಅವರ ಉಸಿರು. ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ. ಆ ಜೇಬಿನ ಬಾಯಿ ಬೆಳ್ಳಗಾಗಿ, ಅವರ ಮನೆಯವರು ಎಷ್ಟು ಒಗೆದರೂ ಹೋಗುತ್ತಿರಲಿಲ್ಲವಂತೆ. ಹೋಟೆಲಿನ ಹಲಗೆಯ ಮೇಲೆ ‘ಕಾಪಿ’ ಎಂದು ಬರೆದಿದ್ದರೆ, ಒಳಗೆ ಹೋಗಿ ಅದನ್ನು ‘ಕಾಫಿ’ ಮಾಡಿ, ಕುಡಿಯದೆ ಹೊರಗೆ ಬರುತ್ತಿದ್ದರು.

ಪಾಠ ಶುರುವಾದ ಎರಡನೆಯ ಶನಿವಾರವೋ ಮೂರನೆಯದೋ, ನಮಗೆ ಸಭೆ ನಡೆಸುವ ಅಭ್ಯಾಸ ಮಾಡಿಸಿದರು. ಒಬ್ಬರು ‘ಸೂಚಿಸುತ್ತೇನೆ’ ಅನ್ನಬೇಕು, ಇನ್ನೊಬ್ಬರು ‘ಅನುಮೋದಿಸುತ್ತೇನೆ’ ಅನ್ನಬೇಕು, ಆಮೇಲೆ ಕೈ ಎತ್ತಬೇಕು. ಅವರೇ ಗಂಭೀರವಾಗಿ, “ಬೋರ್ಡಿನ ಶಾಲೆಗಳ ಉಪಯೋಗಕ್ಕಾಗಿ ಒಂದು ಆನೆಯನ್ನು ಕೊಳ್ಳತಕ್ಕದ್ದು ಎಂದು ಸೂಚಿಸುತ್ತೇನೆ” ಎಂದರು. ಶೆಟ್ಟರು ಎದ್ದು ಅನುಮೋದಿಸಿದರು. ನಾವೆಲ್ಲ ಕೈ ಎತ್ತಿದೆವು. ಪಟೇಲರು ನಿದ್ದೆಯಲ್ಲೇ ಎತ್ತಿದರು.

ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. “ಆನೆ ಬಂತು. ಈಗ ಕಟ್ಟೋದೆಲ್ಲಿ?”

“ಒಳೆನರಸೀಪುರದಲ್ಲೇ ಕಟ್ಸಿ ಸಾ” ಎಂದರು ಶೆಟ್ಟರು. “ಒಳೆ ಅದೆ. ಮೈ ತೊಳ್ಯಾಕೆ ಸಲೀಸು.”

ಹೊಳೆನರಸೀಪುರ ಎಂದ ಕೂಡಲೆ ಪಟೇಲರಿಗೆ ಎಚ್ಚರವಾಯಿತು. “ನಮ್ಮೂರ್ಗೆ ಆನೆ ಬ್ಯಾಡ ಸಾ, ಕಬ್ಬು ಅದೆ” ಎಂದು ಎದ್ದು ನಿಂತರು. ಆಗ ಮಾತ್ರ ಆ ಮನುಷ್ಯ ನಕ್ಕದ್ದು ಕಂಡೆ. “ನೋಡಿ, ಈಗ ಹೊಳೆನರಸೀಪುರ ಒಂದೇ ಮೆಂಬರು. ಉಳಿದೋರು ಆನೆ ಮುಂದೆ ಗಂಟೆ ಹೊಡ್ಕೊಂಡು ಹೋಗೋರು” ಎಂದರು.

ನನ್ನ ಪಾಲಿನ ಅವಮಾನ ಇನ್ನೊಂದಿದೆ. ಮೆಂಬರಾದ ಹೊಸತರಲ್ಲಿ ನಮ್ಮ ಕಡೆಯ ಒಂದು ಶಾಲೆಗೆ ಜರಿ ಪೇಟ ಸುತ್ತಿಕೊಂಡು ಹೋಗಿದ್ದೆ. ಒಬ್ಬ ಹುಡುಗನನ್ನು ಎಬ್ಬಿಸಿ, “ಹದಿನೇಳೆಂಟ್ಲ ಎಷ್ಟೋ?” ಎಂದು ಕೇಳಿದೆ. ಅವನು ನೂರಾ ಮೂವತ್ತಾರು ಎಂದ. ನಾನು, “ತಪ್ಪು! ನೂರಾ ಇಪ್ಪತ್ತಾರು” ಎಂದೆ. ಬಡ ಮೇಷ್ಟ್ರು ನನ್ನ ಪೇಟ ನೋಡಿದರು, ಹುಡುಗನನ್ನು ನೋಡಿದರು. “ಹೌದು ಸಾ, ತಪ್ಪು” ಎಂದು, ಇಡೀ ತರಗತಿಯಿಂದ ಮೂರು ಸಲ ನೂರಾ ಇಪ್ಪತ್ತಾರು ಎಂದು ಕೂಗಿಸಿದರು. ಉಪ್ಪಿಟ್ಟು ತಿಂದು, ಪುಸ್ತಕದಲ್ಲಿ ‘ಎಲ್ಲಾ ಸರಿಯಾಗಿದೆ’ ಎಂದು ಬರೆದು ಬಂದೆ.

ಇದು ಅವರ ಕಿವಿಗೆ ಹೇಗೆ ಬಿತ್ತೋ. ಮುಂದಿನ ಶನಿವಾರ ನನ್ನನ್ನು ಪಾಠಕ್ಕೆ ಸೇರಿಸಲಿಲ್ಲ. “ಚನ್ನರಾಯಪಟ್ಟಣ ಈಗಲೇ ವಾಪಸು ಹೋಗಬೇಕು. ಸೋಮವಾರ ಆ ಹುಡುಗನ ಹತ್ತಿರ ನಿಂತು, ನೀನು ಹೇಳಿದ್ದೇ ಸರಿ ಅನ್ನಬೇಕು.”

“ಒಂದು ಲೆಕ್ಕಕ್ಕೆ ಅಷ್ಟು ದೂರ ಯಾಕೆ ಸಾ?” ಎಂದೆ.

“ಇನ್ಯಾರಾದ್ರೂ ತಪ್ಪು ಹೇಳಿದ್ರೆ ತಪ್ಪು ಅಷ್ಟೇ. ನೀವು ಮೆಂಬರು. ನೀವು ತಪ್ಪು ಹೇಳಿದ್ರೆ ಲೆಕ್ಕವೇ ಬದಲಾಗುತ್ತೆ.”

ಹೋದೆ, ಹೇಳಿದೆ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಹುಡುಗ ನನ್ನ ಮೇಲೆ ಕನಿಕರಪಟ್ಟು, “ಓಗ್ಲಿ ಬುಡಿ ಸಾ, ಕಷ್ಟದ ಮಗ್ಗಿ ಅದು” ಎಂದ.

ಅಲ್ಲಿಂದ ಮುಂದೆ ಶಾಲೆಗೆ ಹೋಗುವ ಮೆಂಬರು ಹೇಗಿರಬೇಕೆಂದು ಅವರು ಗೆರೆ ಹಾಕಿದರು. ನಿಜವಾದ ಗೆರೆಯನ್ನೇ, ನೆಲದ ಮೇಲೆ, ಸೀಮೆಸುಣ್ಣದಿಂದ. ಆ ಕಡೆ ಮೇಷ್ಟ್ರು, ಈ ಕಡೆ ಮೆಂಬರು. ಮೆಂಬರು ಕೊನೇ ಬೆಂಚಲ್ಲಿ ಒಂದು ಪೀರಿಯಡ್ಡು ಬಾಯಿಮುಚ್ಚಿ ಕೂರಬೇಕು. ಬೆತ್ತ ಮುಟ್ಟಕೂಡದು, ಮಗ್ಗಿ ಕೇಳಕೂಡದು, ಉಪ್ಪಿಟ್ಟಂತೂ ಕೂಡದೇ ಕೂಡದು. “ಬಂದ ಮಕ್ಕಳನ್ನ ಎಣಿಸೋದು ಇನ್‌ಸ್ಪೆಕ್ಟರ ಕೆಲಸ. ಬಾರದ ಮಕ್ಕಳು ಯಾರು, ಯಾಕೆ ಬರಲಿಲ್ಲ ಅಂತ ಕೇಳೋದು ಮೆಂಬರ ಕೆಲಸ” ಎಂದು ಹಲಗೆಯ ಮೇಲೆ ಬರೆದು ನಮ್ಮಿಂದ ಕಾಪಿ ಮಾಡಿಸಿದರು. ಅವರ ಕೈಬರಹ ಅಚ್ಚಿನ ಹಾಗಿತ್ತು, ಅದರಲ್ಲೂ ‘ಕ್ಷ’ ಬರೆದರೆ ಅದಕ್ಕೊಂದು ಬಾಲ ಹೆಚ್ಚಿಗೆ ಬಿಡುತ್ತಿದ್ದರು. ಉಪ್ಪಿಟ್ಟಿನ ನಿಷೇಧವನ್ನು ಶೆಟ್ಟರು ಕೊನೆಯವರೆಗೂ ಒಪ್ಪಲಿಲ್ಲ.

ನನಗೆ ಒಗ್ಗದೆ ಹೋದದ್ದು ಒಂದೇ ಮಾತು, ‘ಅನುಮೋದಿಸುತ್ತೇನೆ’. ನಾಲಿಗೆ ಅಲ್ಲಿಗೆ ಬಂದರೆ ಮುಗ್ಗರಿಸುತ್ತಿತ್ತು. ಅನುಮೋದುಸ್ತೀನಿ, ಅನುಮದಿಸುತ್ತೇನೆ, ಒಂದು ಸಲ ಅನುಭೋಗಿಸುತ್ತೇನೆ ಎಂದೂ ಅಂದೆ. ಅವರು ಬೇಸರಪಡದೆ ಪ್ರತಿ ಸಲವೂ ತಿದ್ದುತ್ತಿದ್ದರು.

ಹೀಗಿರುವಾಗ ಒಂದು ದಿನ ಅಧ್ಯಕ್ಷರು ಸಭೆಗೆ ಮುಂಚೆ ನನ್ನನ್ನು ಜಗಲಿಗೆ ಕರೆದರು. “ಅರಕಲಗೂಡಿನ ಕಡೆ ಒಂದು ಶಾಲೆ ಮುಚ್ಬೇಕು ಕಣಪ್ಪ. ಒಂಬತ್ತೇ ಮಕ್ಕಳು. ಮೇಷ್ಟರನ್ನ ದೊಡ್ಡ ಊರಿಗೆ ಹಾಕೋಣ. ಶೆಟ್ಟರು ಸೂಚಿಸ್ತಾರೆ, ನೀನು ಅನುಮೋದಿಸು. ಮುಂದಿನ ಸಲ ವೈಸ್ ಪ್ರೆಸಿಡೆಂಟ್ ಜಾಗ ನಿಂದೇ ಅಂತ ಇಟ್ಕೋ.” ನಾನು ತಲೆಯಾಡಿಸಿದೆ. ಮಾವನ ಮಾತು, ವೈಸ್ ಪ್ರೆಸಿಡೆಂಟ್ ಕುರ್ಚಿ, ಮನೆಯಲ್ಲಿ ಹೆಂಡತಿಯ ಮುಖ. ಆ ಶಾಲೆಯನ್ನು ನಾನು ನೋಡಿಯೂ ಇರಲಿಲ್ಲ.

ಸಭೆಯಲ್ಲಿ ಶೆಟ್ಟರು ಎದ್ದು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದರು. ನಾನು ಎದ್ದೆ. ಈ ಸಲವಾದರೂ ಸರಿಯಾಗಿ ಹೇಳಬೇಕೆಂದು ಉಸಿರು ಬಿಗಿ ಹಿಡಿದು, ಗಟ್ಟಿಯಾಗಿ, “ಅಧ್ಯಕ್ಷರೇ, ಈ ಸೂಚನೆಯನ್ನು ನಾನು ಅನುಮಾನಿಸುತ್ತೇನೆ” ಎಂದುಬಿಟ್ಟೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರೂ ನಕ್ಕು, “ಬಾಯಿ ತಪ್ಪಿತು. ಅನುಮೋದಿಸಿದರು ಅಂತ ಬರ್ಕೊಳ್ರೀ” ಎಂದು ಗುಮಾಸ್ತೆಗೆ ಹೇಳಿದರು.

ಆಗ ನಮ್ಮ ಮೇಷ್ಟ್ರು ಎದ್ದು ನಿಂತರು. “ಅಧ್ಯಕ್ಷರ ಅಪ್ಪಣೆಯಾದರೆ ಒಂದು ಮಾತು. ಸದಸ್ಯರು ಏನು ಅಂದರೋ ಅದನ್ನೇ ನಡವಳಿ ಪುಸ್ತಕದಲ್ಲಿ ಬರೆಯಬೇಕು. ಬಾಯಿ ತಪ್ಪಿದ್ದರೆ ಅವರೇ ತಿದ್ದಿಕೊಳ್ಳಲಿ” ಎಂದು ಹೇಳಿ ಕೂತರು. ನಾನು ಅವರ ಮುಖ ನೋಡಿದೆ. ನೂರು ಸಲ ಆ ಮಾತನ್ನು ನನ್ನ ಬಾಯಲ್ಲಿ ತಿದ್ದಿದವರು ಈಗ ಕಿಟಕಿಯ ಹೊರಗೆ ನೋಡುತ್ತಿದ್ದರು. ತಿದ್ದಿಕೊಳ್ಳುವುದೋ ಬಿಡುವುದೋ ಎಂಬುದನ್ನು ಪೂರ್ತಿ ನನ್ನ ತಲೆಗೇ ಕಟ್ಟಿದ್ದರು. ಅವರ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

“ತಿದ್ಕೊಳ್ಳಪ್ಪ” ಎಂದರು ಅಧ್ಯಕ್ಷರು. ನಗು ಹೋಗಿತ್ತು.

ಆ ಮಗ್ಗಿಯ ಹುಡುಗ ನೆನಪಾದ. ತಪ್ಪು ಹೇಳಿ ಸಾಧಿಸುವುದು ನನಗೆ ಹೊಸದೇನೂ ಅಲ್ಲವಲ್ಲ! “ಇಲ್ಲ ಸಾ, ಅನುಮಾನವೇ” ಎಂದೆ. “ಒಂಬತ್ತು ಮಕ್ಕಳು ಬರ್ತಾವೆ ಅಂತ ಬರೆದದೆ. ಬಾರದವು ಎಷ್ಟು, ಯಾಕೆ ಬರಲ್ಲ ಅಂತ ಎಲ್ಲೂ ಬರೆದಿಲ್ಲ. ಹೋಗಿ ನೋಡ್ದೆ ಮುಚ್ಚೋದು ಬೇಡ.”

ಅಧ್ಯಕ್ಷರು ಶೆಟ್ಟರ ಕಡೆ ತಿರುಗಿದರು. ಶೆಟ್ಟರು ಮೆಲ್ಲಗೆ ಎದ್ದರು. “ಅಂಗಾದ್ರೆ ನಂಗೂ ಅನ್ಮಾನ ಸಾ.”

“ಸೂಚಿಸಿದೋರು ನೀವೇ ಅಲ್ರೀ!”

“ಅದುಕ್ಕೇಯ ಸಾ ಜಾಸ್ತಿ ಅನ್ಮಾನ.”

ಹೀಗೆ ಸೂಚಿಸಿದವರೇ ಶಂಕಿಸಿದ ಸೂಚನೆ ಬಿದ್ದುಹೋಯಿತು. ಅಧ್ಯಕ್ಷರು, ಮೇಷ್ಟ್ರು ಮತ್ತು ನಾನು ಹೋಗಿ ಶಾಲೆ ನೋಡಿ ಬರುವುದೆಂದು ತೀರ್ಮಾನವಾಯಿತು. ನಾನು ಮಾವನ ಎದುರು ನಿಂತ ಸುದ್ದಿ ಜಿಲ್ಲೆಗೆಲ್ಲ ಹಬ್ಬಿತು. ಮನೆಯಲ್ಲಿ ಎರಡು ದಿನ ಸಾರಿಗೆ ಉಪ್ಪಿರಲಿಲ್ಲ.

ಅರಕಲಗೂಡಿನಲ್ಲಿ ಬಸ್ಸಿಳಿದು ಎರಡು ಗಾಡಿ ಕಟ್ಟಿಸಿದೆವು. ಅಧ್ಯಕ್ಷರು ಮುಂದಿನ ಗಾಡಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಹಿಂದಿನ ಗಾಡಿಯಲ್ಲಿ ನಾನು ಮೇಷ್ಟ್ರಿಗೆ ನಿಜ ಹೇಳಿಬಿಟ್ಟೆ. “ಸಾ, ಆವತ್ತು ನನಗೆ ಧೈರ್ಯ ಗೀರ್ಯ ಏನೂ ಇರಲಿಲ್ಲ. ಬಾಯಿ ತಪ್ಪಿದ್ದೇ ನಿಜ.”

“ಗೊತ್ತು. ಆ ಮಾತು ಈ ಜನ್ಮದಲ್ಲಿ ನಿಮ್ಮ ಬಾಯಿಗೆ ಬರಲ್ಲ” ಎಂದರು. “ಬಾಯಿ ತಪ್ಪಿದ್ದಕ್ಕೆ ಮಾರ್ಕಿಲ್ಲ. ತಿದ್ದಿಕೊಳ್ಳದೆ ನಿಂತಿರಲ್ಲ, ಅದಕ್ಕುಂಟು.”

ಆ ಹಳ್ಳಿಯ ಹೆಸರು ಬೇಡ. ಶಾಲೆ ನಡೆಯುತ್ತಿದ್ದದ್ದು ದೇವಸ್ಥಾನದ ಜಗಲಿಯ ಮೇಲೆ. ಒಳ್ಳೆಯ ಗಾಳಿ, ಬೆಳಕು, ತಂಪು. ಒಂಬತ್ತು ಮಕ್ಕಳು ಎದ್ದು ನಮಸ್ಕಾರ ಮಾಡಿದವು. ಅವರು ತಮ್ಮ ಕಟ್ಟಳೆಯಂತೆ ಕೊನೆಯಲ್ಲಿ ಕೂತು ಪಾಠ ಕೇಳಿದರು, ಆಮೇಲೆ ಶಾಲೆಯ ಹಳೆಯ ವಿಸಿಟ್ ಬುಕ್ಕು ಕೇಳಿದರು. ಹಾಳೆ ತಿರುವುತ್ತ ತಿರುವುತ್ತ ಒಂದು ಕಡೆ ಅವರ ಕೈ ನಿಂತಿತು. ನಾನು ಪಕ್ಕದಿಂದ ಬಗ್ಗಿ ನೋಡಿದೆ. ‘ಗುಡಿಸಲು ಬಿದ್ದಿರುವುದರಿಂದ ಶಾಲೆಯನ್ನು ದೇವಸ್ಥಾನದ ಜಗಲಿಗೆ ಸಾಗಿಸಲು ಅಪ್ಪಣೆ ಕೊಡಲಾಗಿದೆ. ಸ್ಥಳ ಪ್ರಶಸ್ತವಾಗಿದೆ. ಪರೀಕ್ಷಿಸಿದೆ.’ ‘ಕ್ಷ’ದ ಬಾಲ ನೋಡಿದ ಕೂಡಲೆ ಅದು ಯಾರ ಕೈ ಎಂದು ನನಗೆ ತಿಳಿಯಿತು. ಅವರು ಪುಸ್ತಕ ಮುಚ್ಚಿ ಜಗಲಿಯಿಂದ ಇಳಿದರು.

ರಸ್ತೆಯ ಆಚೆ ಒಂದು ಹೊಂಗೆ ಮರ. ಅದರ ಕೆಳಗೆ ಊರಾಚೆಯ ಕೇರಿಯ ಒಬ್ಬ ಮುದುಕ ನಿಂತು ನಮ್ಮನ್ನೇ ನೋಡುತ್ತಿದ್ದ. ಅವರು ನೇರ ಅವನ ಹತ್ತಿರ ಹೋದರು. ನಾನೂ ಅಧ್ಯಕ್ಷರೂ ಹಿಂದೆ ಹೋದೆವು.

“ನಿಮ್ಮ ಕಡೆ ಮಕ್ಕಳು ಯಾಕಪ್ಪಾ ಶಾಲೆಗೆ ಬರಲ್ಲ?”

“ನಮ್ ಐಕ್ಳು ಜಗ್ಲಿ ಅತ್ತಂಗಿಲ್ವಲ್ಲ ಬುದ್ಧಿ.”

“ಮೊದಲೂ ಬರ್ತಿರ್ಲಿಲ್ವೇ?”

“ಬತ್ತಿದ್ವು. ಆಗ ಇಸ್ಕೂಲು ಕೆರೆ ತಾವ ಗುಡ್ಲಲ್ಲಿತ್ತು. ಇಂದ್ಗಡೆ ಕುಂತ್ಕತ್ತಿದ್ವು. ನನ್ ಮಗನೂ ಓಯ್ತಿದ್ದ, ಚೆಂದಾಗಿ ಓದ್ತಿದ್ದ. ಗುಡ್ಲು ಬಿದ್ದೋಯ್ತು. ಅದ್ಯಾರೋ ಇನ್‌ಚ್ಪೆಟ್ರು ಬಂದು ಜಗ್ಲಿಗೆ ಆಕ್ಸುದ್ರು. ಆವತ್ಗೇ ಮುಗೀತು.”

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಆ ಇನ್‌ಸ್ಪೆಕ್ಟರು ನಾನೇ ಕಣಪ್ಪಾ. ಆವತ್ತು ನಾನು ಗಾಳಿ ಬೆಳಕು ನೋಡಿದೆ. ಮಕ್ಕಳು ಯಾರು ಹತ್ತಬಹುದು ಅಂತ ಕೇಳಲಿಲ್ಲ.”

ಮುದುಕ ಅವರನ್ನು ಮೇಲಿನಿಂದ ಕೆಳಗೆ ನೋಡಿದ. “ಅಂಗಾ ಬುದ್ಧಿ? ವಸಿ ತಡ್ವಾಗ್ ಬಂದ್ರಿ.” ಬಸ್ಸು ತಡವಾದರೆ ಹೇಳುವ ಹಾಗೆ, ಕೋಪವಿಲ್ಲದೆ ಹೇಳಿದ. ಆಮೇಲೆ ಅವನೇ ಕೇಳಿದ. “ನನ್ ಐದ ಈಗ ಗಾಡಿ ಒಡೀತಾನೆ. ಅವ್ನಿಗೊಂದು ಎಣ್ಮಗ ಅದೆ. ಅದ್ನ ಕಳುಸ್ಲಾ?”

“ಕಳಿಸಪ್ಪಾ.”

“ಎಲ್ಲಿಗೆ ಬುದ್ಧಿ?”

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಮುಂದಿನ ಸಭೇಲಿ ಇಡೋಣ” ಎಂದರು. ನಮ್ಮ ಮೇಷ್ಟ್ರಿಗೆ ಅದು ಕೇಳಿಸಲಿಲ್ಲವೋ ಏನೋ. “ಇಲ್ಲಿಗೆ, ಈ ಮರದ ಕೆಳಕ್ಕೆ. ನಾಳೆ ಬೆಳಿಗ್ಗೆ ನಾನಿಲ್ಲಿರ್ತೀನಿ” ಎಂದರು.

ಆಮೇಲೆ ಬೋರ್ಡು ಗುಡಿಸಲು ಕಟ್ಟಿಸುವಷ್ಟರಲ್ಲಿ ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವರು ಅರಕಲಗೂಡಿನಲ್ಲಿ ಶೆಟ್ಟರ ಮಂಡಿಯ ಮೇಲಿನ ಕೋಣೆಯಲ್ಲಿ ಉಳಿದುಕೊಂಡು, ಗಾಡಿ ಸಿಕ್ಕಿದಾಗ ಗಾಡಿಯಲ್ಲಿ, ಇಲ್ಲದಾಗ ನಡೆದು ಹೋಗಿ ಬಂದರು. ತಂಬಾಕಿನ ಘಾಟಿಗೆ ದಿನವೆಲ್ಲ ಸೀನುತ್ತಿದ್ದರಂತೆ. ವೈಸ್ ಪ್ರೆಸಿಡೆಂಟ್ ಕುರ್ಚಿ ನನಗೆ ಸಿಗಲಿಲ್ಲ. ಅದಕ್ಕೆ ನನಗೆ ದುಃಖವಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಮೊದಲ ಬೆಳಿಗ್ಗೆ ನಾನೂ ಅಲ್ಲಿದ್ದೆ ಎಂಬುದು ನನ್ನ ಬಾಳಿನಲ್ಲಿ ನಾನು ಸಂಪಾದಿಸಿದ ದೊಡ್ಡ ಆಸ್ತಿ ಎಂದು ಈಗ ಅನ್ನಿಸುತ್ತದೆ.

ಆ ಬೆಳಿಗ್ಗೆ ಊರಿನ ಮೇಷ್ಟ್ರು ಕಪ್ಪು ಹಲಗೆ ಹೊತ್ತು ತಂದು ಮರಕ್ಕೆ ಒರಗಿಸಿದರು. ಒಂಬತ್ತು ಮಕ್ಕಳಲ್ಲಿ ಆರು ಬಂದವು, ಮೂರನ್ನು ಮನೆಯವರು ಕಳಿಸಲಿಲ್ಲ. ಮುದುಕ ಮೊಮ್ಮಗಳ ಕೈ ಹಿಡಿದುಕೊಂಡು ಬಂದ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ್ದ ಪುಟ್ಟ ಹುಡುಗಿ. ಅವರು ಹಾಜರಿ ಪುಸ್ತಕ ತೆರೆದು ಅವಳ ಹೆಸರು ಕೇಳಿದರು. ಅವಳು ನೆಲ ನೋಡುತ್ತ ಹೇಳಿದಳು. ಅವರು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ಬರೆದರು.

ಹುಡುಗಿ ಹೋಗಿ ಕೂತಳು. ಮುದುಕ ಮಾತ್ರ ಅಲ್ಲೇ ನಿಂತಿದ್ದ.

“ಇನ್ನೇನಪ್ಪಾ?” ಎಂದರು ಅವರು.

“ಅವ್ಳ ಎಸ್ರು ಬರುದ್ರೆ ಎಂಗ್ ಕಾಣ್ತದೆ ಅಂತ ನೋಡವಾ ಅಂತ ಬುದ್ಧಿ.”

ಅವರು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟರು. ಮುದುಕ ಬಗ್ಗಿ ಬಹಳ ಹೊತ್ತು ನೋಡಿದ.